ಮತ್ತೆ ನಡೆಯುತ್ತಾರೆಯೇ? ಬೆನ್ನುಹುರಿಯ ಗಡ್ಡೆ, ಶಸ್ತ್ರಚಿಕಿತ್ಸೆ ಮತ್ತು ಆಮೇಲಿನ ದಿನಗಳು

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶಸ್ತ್ರಚಿಕಿತ್ಸೆ ಮುಗಿಸಿ ಥಿಯೇಟರಿನ ಬಾಗಿಲು ತೆರೆದು ಹೊರಗೆ ಬಂದಾಗ ಮನೆಯವರು ಎದ್ದು ನಿಲ್ಲುತ್ತಾರೆ. ಅವರ ಮೊದಲ ಪ್ರಶ್ನೆ, ‘ಗಡ್ಡೆ ಪೂರ್ತಿ ಬಂತೇ?’ ಎರಡನೆಯದು, ‘ಮತ್ತೆ ನಡೆಯುತ್ತಾರೆಯೇ?’ ಮೊದಲನೆಯದಕ್ಕೆ ನಾನು ಅಲ್ಲೇ ನಿಂತು ಉತ್ತರ ಹೇಳಬಲ್ಲೆ. ಎರಡನೆಯದರ ಉತ್ತರ ಮಾತ್ರ ಬಹಳ ಸಲ ಆ ದಿನ, ಆ ಕೋಣೆಯೊಳಗೆ ತೀರ್ಮಾನವಾಗಿರುವುದಿಲ್ಲ. ರೋಗಿ ಆಸ್ಪತ್ರೆಗೆ ಬಂದ ದಿನ ಮೆಟ್ಟಿಲನ್ನು ತಾವೇ ಹತ್ತಿದರೋ, ಯಾರಾದರೂ ಎತ್ತಿಕೊಂಡು ಬಂದರೋ ಎಂಬುದರಲ್ಲೇ ಅರ್ಧಕ್ಕಿಂತ ಹೆಚ್ಚು ತೀರ್ಮಾನವಾಗಿರುತ್ತದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಕೆಲಸ ಮಾಡಿದ ಮೇಲೆ ಇಂದು ನಿಮಗೆ ಹೇಳಬೇಕೆಂದುಕೊಂಡು ಬಂದಿರುವ ಮಾತು ಮುಖ್ಯವಾಗಿ ಇದೊಂದೇ.

ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದದ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದ ಮೆತ್ತನೆಯ ಅಂಗ. ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಯ, ಹತ್ತಿರ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಕುಚ್ಚು. ಕಾಲು ಎತ್ತು ಎಂಬ ಆಜ್ಞೆ ಇಳಿಯುವುದೂ, ಮುಳ್ಳು ಚುಚ್ಚಿತು ಎಂಬ ಸುದ್ದಿ ಏರುವುದೂ, ಮೂತ್ರವನ್ನು ತಡೆದುಕೊಳ್ಳುವ ಹಿಡಿತವೂ ಇದೇ ದಾರಿಯಲ್ಲಿ. ಸುತ್ತಲೂ ಗಟ್ಟಿಮೂಳೆಯ ಕೊಳವೆ. ಏಟಿನಿಂದ ಕಾಪಾಡುವ ಆ ಕೊಳವೆಯೇ ಗಡ್ಡೆ ಬೆಳೆದಾಗ ಸೆರೆಮನೆಯಾಗುತ್ತದೆ. ಮೂಳೆ ಜಾಗ ಬಿಡುವುದಿಲ್ಲ, ಹುರಿಯೇ ಬಿಡಬೇಕು. ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದರೆ ಹುರಿ ನಂಬಲಾಗದಷ್ಟು ಸಹಿಸಿಕೊಳ್ಳುತ್ತದೆ. ಎಂಆರ್‌ಐ ಚಿತ್ರದಲ್ಲಿ ಹುರಿ ಪಟ್ಟಿಯಂತೆ ಚಪ್ಪಟೆಯಾಗಿ ಒಂದು ಮೂಲೆಗೆ ಸರಿದಿರುತ್ತದೆ, ಆದರೂ ರೋಗಿ ನಡೆದುಕೊಂಡೇ ನನ್ನ ಕೋಣೆಗೆ ಬಂದಿರುತ್ತಾರೆ. ಒತ್ತಡ ಬೇಗ ಏರಿದರೆ ಮಾತ್ರ ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ, ಕಾಲು ನಿಂತುಹೋಗುತ್ತದೆ.

ಐವತ್ತು ದಾಟಿದ ಒಬ್ಬ ಮಹಿಳೆ ನನಗೆ ಸದಾ ನೆನಪಾಗುತ್ತಾರೆ. ಎರಡು ವರ್ಷ ಮಂಡಿನೋವಿನ ಮಾತ್ರೆ ತೆಗೆದುಕೊಂಡಿದ್ದರು. ಮಂಡಿಯಲ್ಲಿ ಅಂಥ ದೋಷವೇನೂ ಇರಲಿಲ್ಲ. ಅವರು ಹೇಳಿದ ಒಂದು ಸಂಗತಿ ಎಲ್ಲವನ್ನೂ ಬಯಲು ಮಾಡಿತು: ‘ಮೆಟ್ಟಿಲು ಹತ್ತುವಾಗ ಚಪ್ಪಲಿ ಜಾರಿ ಬಿದ್ದುಹೋಗುತ್ತದೆ ಡಾಕ್ಟರೇ, ಮೇಲೆ ಹೋದ ಮೇಲೆ ಕೆಳಗೆ ನೋಡಿದರೆ ಕಾಲಲ್ಲಿ ಇರುವುದಿಲ್ಲ.’ ಚಪ್ಪಲಿ ಜಾರಿದ್ದು ಅವರ ಪಾದಕ್ಕೆ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಲ್ಲಿ ಎಂದರೆ ವಾಲಿದರು. ಎದೆಯ ಭಾಗದ ಬೆನ್ನುಹುರಿಯ ಎಂಆರ್‌ಐ ಮಾಡಿಸಿದಾಗ ಗೋಡಂಬಿಗಿಂತ ತುಸು ದೊಡ್ಡದಾದ ಗಡ್ಡೆ ಕಂಡಿತು. ನಡು ವಯಸ್ಸು ದಾಟಿದ ಹೆಂಗಸರಲ್ಲಿ, ಎದೆಯ ಮಟ್ಟದಲ್ಲಿ, ಹುರಿಯ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಈ ಗಡ್ಡೆಗಳ ಪೈಕಿ ತುಂಬಾ ಪರಿಚಿತವಾದದ್ದು. ಅವರ ಕಥೆಗೆ ಮತ್ತೆ ಬರುತ್ತೇನೆ.

ಈ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗುವುದೂ ಇಂಥದೇ ಒಂದು ತಡವಾದ ರೋಗನಿರ್ಣಯದಿಂದ. 1887ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿದ್ದ ನರರೋಗ ಆಸ್ಪತ್ರೆಯ ವೈದ್ಯ ವಿಲಿಯಂ ಗವರ್ಸ್ ಬಳಿಗೆ ಸೇನೆಯ ಕ್ಯಾಪ್ಟನ್ ಒಬ್ಬರು ಬಂದರು. ವರ್ಷಗಳಿಂದ ಭುಜದ ಹಲಗೆಯ ಕೆಳಗೆ ತಾಳಲಾರದ ನೋವು. ಹಲವು ವೈದ್ಯರನ್ನು ನೋಡಿ ಆಗಿತ್ತು. ಅಷ್ಟು ಹೊತ್ತಿಗೆ ಎರಡೂ ಕಾಲುಗಳು ಬಿದ್ದುಹೋಗಿದ್ದವು, ಮೂತ್ರದ ಹಿಡಿತವೂ ಹೋಗಿತ್ತು. ಎಕ್ಸ್‌ರೇ ಇನ್ನೂ ಹುಟ್ಟಿರದ ಕಾಲ. ಎಲ್ಲಿಂದ ಕೆಳಗೆ ಸ್ಪರ್ಶ ಇಲ್ಲ ಎಂಬುದನ್ನು ಬೆರಳಲ್ಲಿ ಮುಟ್ಟಿ, ಸೂಜಿಯಲ್ಲಿ ಚುಚ್ಚಿ ನೋಡಿಯೇ ಗಡ್ಡೆ ಇರುವ ಜಾಗವನ್ನು ಗವರ್ಸ್ ಊಹಿಸಿದರು. ಜೂನ್ 9ರಂದು ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಬೆನ್ನು ತೆರೆದರು. ಊಹಿಸಿದ ಜಾಗದಲ್ಲಿ ಏನೂ ಇರಲಿಲ್ಲ. ಅಲ್ಲಿಗೇ ಬಿಟ್ಟು ಹೊಲಿದುಬಿಡಬಹುದಿತ್ತು. ಅವರು ಬಿಡಲಿಲ್ಲ. ಇನ್ನೂ ಮೇಲಿನ ಮೂಳೆ ತೆಗೆದಾಗ ಬಾದಾಮಿ ಆಕಾರದ ಗಡ್ಡೆ ಹುರಿಯನ್ನು ಒತ್ತಿಕೊಂಡು ಕುಳಿತಿರುವುದು ಕಂಡಿತು. ಒಂದು ವರ್ಷದ ಬಳಿಕ ಆ ಕ್ಯಾಪ್ಟನ್ ದಿನಕ್ಕೆ 16 ಗಂಟೆ ಕೆಲಸ ಮಾಡುವ ಸ್ಥಿತಿಯಲ್ಲಿದ್ದರು.

ಈ ಕಥೆಯನ್ನು ಹೇಳುವಾಗ ನಾವು ವೈದ್ಯರು ಗಡ್ಡೆ ಸಿಕ್ಕ ಗಳಿಗೆಯನ್ನು ಮೆರೆಸುತ್ತೇವೆ. ನನ್ನ ಮನಸ್ಸಿನಲ್ಲಿ ಉಳಿಯುವುದು ಮೊದಲು ತೆರೆದ ತಪ್ಪು ಜಾಗ. ಎದೆಯ ಭಾಗದ ಹನ್ನೆರಡು ಕಶೇರುಗಳು ನೋಡಲು ಒಂದೇ ಥರ. ಇಂದಿಗೂ ಅಲ್ಲಿ ಎಣಿಕೆ ತಪ್ಪುವ ಅಪಾಯ ಇದ್ದೇ ಇದೆ. ಹಾಗಾಗಿ ಚರ್ಮ ಕೊಯ್ಯುವ ಮೊದಲು ಎಕ್ಸ್‌ರೇ ಹಾಕಿ ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ಎಣಿಸುತ್ತೇವೆ. ನನ್ನ ಜೊತೆಗಿರುವ ಕಿರಿಯರು ಗಟ್ಟಿಯಾಗಿ ಎಣಿಸಬೇಕು, ನಾನೂ ಗಟ್ಟಿಯಾಗಿ ಎಣಿಸಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ.

ಬೆನ್ನುಹುರಿಯ ಗಡ್ಡೆ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅವುಗಳ ಮನೆ ಮೂರು. ಹುರಿಗೆ ಡ್ಯೂರಾ ಎಂಬ ದಪ್ಪನೆಯ ಹೊದಿಕೆ ಇದೆ. ಆ ಹೊದಿಕೆಯ ಹೊರಗೆ, ಮೂಳೆಯಲ್ಲಿ ಬೆಳೆಯುವ ಗಡ್ಡೆಗಳು ಒಂದು ಬಗೆ. ಹೊದಿಕೆಯ ಒಳಗೆ, ಆದರೆ ಹುರಿಯ ಹೊರಗೆ ಬೆಳೆಯುವುವು ಎರಡನೆಯ ಬಗೆ. ಹುರಿಯ ಒಡಲೊಳಗೇ ಬೆಳೆಯುವುವು ಮೂರನೆಯವು. ನಿಮ್ಮವರಿಗೆ ಗಡ್ಡೆ ಎಂದು ತಿಳಿದ ದಿನ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಮೂರರಲ್ಲಿ ಯಾವ ಮನೆ? ಫಲಿತಾಂಶವೂ ತೊಡಕುಗಳೂ ಅದನ್ನು ಅನುಸರಿಸಿಯೇ ಬದಲಾಗುತ್ತವೆ.

ಎರಡನೆಯ ಬಗೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಒಳ್ಳೆಯ ಸುದ್ದಿ ಹೆಚ್ಚಾಗಿ ಇರುವುದು ಇಲ್ಲೇ. ಮೆನಿಂಜಿಯೋಮ, ನರದ ಕವಚದಿಂದ ಹುಟ್ಟುವ ಶ್ವಾನೋಮ ಇವೆಲ್ಲ ಈ ಗುಂಪಿನವು. ಬಹುಪಾಲು ಕ್ಯಾನ್ಸರ್ ಅಲ್ಲದವು. ಮೈಕ್ರೋಸ್ಕೋಪಿನ ಕೆಳಗೆ ಡ್ಯೂರಾವನ್ನು ಸೀಳಿ ತೆರೆದಾಗ ಗಡ್ಡೆಗೂ ಹುರಿಗೂ ನಡುವೆ ಜೇಡರ ಬಲೆಯಂಥ ತೆಳುಪದರ ಕಾಣುತ್ತದೆ. ಆ ಪದರವನ್ನು ಹಿಡಿದುಕೊಂಡು ಕೆಲಸ ಮಾಡಿದರೆ ಹುರಿಯನ್ನು ಮುಟ್ಟದೆಯೇ ಗಡ್ಡೆಯನ್ನು ಬಿಡಿಸಿ ತೆಗೆಯಬಹುದು. ಮೊದಲು ಗಡ್ಡೆಯ ಒಳಗಿನ ತಿರುಳನ್ನು ಟೊಳ್ಳು ಮಾಡಿ, ಆಮೇಲೆ ಸಿಪ್ಪೆಯನ್ನು ಹುರಿಯಿಂದ ಆಚೆಗೆ ಮಡಚಿಕೊಳ್ಳಬೇಕು. ಹುರಿಯನ್ನು ಪಕ್ಕಕ್ಕೆ ತಳ್ಳಿ ಗಡ್ಡೆ ಎಳೆಯುವುದು ಮಹಾಪರಾಧ. ಶ್ವಾನೋಮ ಸಾಮಾನ್ಯವಾಗಿ ಸ್ಪರ್ಶದ ಒಂದು ನರಬೇರಿನಿಂದ ಹುಟ್ಟುತ್ತದೆ. ಆ ಎಳೆಯನ್ನು ಕತ್ತರಿಸಬೇಕಾಗಿ ಬಂದರೂ ಅಕ್ಕಪಕ್ಕದ ಬೇರುಗಳು ಅದರ ಕೆಲಸವನ್ನು ಹೊತ್ತುಕೊಳ್ಳುವುದರಿಂದ ದೊಡ್ಡ ನಷ್ಟ ಕಾಣುವುದು ಅಪರೂಪ. ಕಷ್ಟ ಕೊಡುವುದು ಹುರಿಯ ಮುಂಭಾಗದಲ್ಲಿ ಕುಳಿತು ಸುಣ್ಣಗಟ್ಟಿದ ಮೆನಿಂಜಿಯೋಮ. ಅದಕ್ಕೆ ಹಿಂದಿನಿಂದ ದಾರಿ ಸುಲಭವಾಗಿ ಸಿಗುವುದಿಲ್ಲ.

ಚಪ್ಪಲಿಯ ಮಹಿಳೆಯ ಗಡ್ಡೆ ಪೂರ್ತಿಯಾಗಿ ಬಂತು. ಮರುದಿನ ಬೆಳಿಗ್ಗೆ ಅವರು ಕಾಲಿನ ಹೆಬ್ಬೆರಳನ್ನು ಎತ್ತಿದರು, ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ‘ಮೇಲೆ ಮಾಡಿದ್ದೇನೋ ಕೆಳಗೆ ಮಾಡಿದ್ದೇನೋ ಹೇಳಿ’ ಎಂದೆ. ಮೂರು ಸಲ ತಪ್ಪು ಹೇಳಿದರು. ಆರು ವಾರಕ್ಕೆ ಎಲ್ಲವನ್ನೂ ಸರಿ ಹೇಳಿದರು. ಮೂರನೆಯ ತಿಂಗಳು ಬಂದಾಗ ಅವರು ಮಾತಿಗೆ ಮೊದಲು ಪಾದವನ್ನು ಎತ್ತಿ ಚಪ್ಪಲಿಯನ್ನು ತೋರಿಸಿದರು. ಈ ಬಗೆಯ ಗಡ್ಡೆಗಳಲ್ಲಿ ರೋಗಿ ಇನ್ನೂ ನಡೆಯುತ್ತಿರುವಾಗ ಬಂದರೆ ಬಹುಮಂದಿ ಇದ್ದ ಸ್ಥಿತಿಯನ್ನು ಉಳಿಸಿಕೊಳ್ಳುತ್ತಾರೆ ಅಥವಾ ಸುಧಾರಿಸುತ್ತಾರೆ. ಪೂರ್ತಿ ಕಾಲು ಬಿದ್ದ ಮೇಲೆ ಬಂದವರಲ್ಲೂ ಕೆಲವರು ಎದ್ದು ನಡೆದಿದ್ದಾರೆ; ಹಾರ್ಸ್ಲಿಯ ಕ್ಯಾಪ್ಟನ್ನನೇ ಸಾಕ್ಷಿ. ಆದರೆ ಅದನ್ನು ನೆಚ್ಚಿಕೊಂಡು ಯಾರೂ ಕಾಯಬಾರದು.

ಹುರಿಯ ಒಳಗಿನ ಗಡ್ಡೆಗಳ ವಿಷಯಕ್ಕೆ ಬಂದಾಗ ನನ್ನ ಸ್ವರ ತಾನಾಗಿಯೇ ತಗ್ಗುತ್ತದೆ. ವಯಸ್ಕರಲ್ಲಿ ಎಪೆಂಡಿಮೋಮ, ಮಕ್ಕಳಲ್ಲಿ ಆಸ್ಟ್ರೋಸೈಟೋಮ ಹೆಚ್ಚು. ಇಲ್ಲಿ ಗಡ್ಡೆಯನ್ನು ಮುಟ್ಟಬೇಕಾದರೆ ಮೊದಲು ಆರೋಗ್ಯವಾಗಿರುವ ಹುರಿಯನ್ನೇ ಸೀಳಬೇಕು. ಬೇರೆ ದಾರಿಯಿಲ್ಲ. ಹುರಿಯ ಹಿಂಭಾಗದ ನಟ್ಟನಡುವೆ ಒಂದು ಗೆರೆ ಇದೆ, ಅದರ ಎರಡು ಕಡೆಗಳಲ್ಲೂ ದೇಹದ ಅಂಗಾಂಗಗಳು ಎಲ್ಲಿವೆ ಎಂಬ ಅರಿವನ್ನು ಮೇಲಕ್ಕೆ ಒಯ್ಯುವ ಕಂಬಗಳಿವೆ. ಸರಿಯಾಗಿ ನಡುಗೆರೆಯಲ್ಲೇ ಇಳಿದರೆ ಆ ಕಂಬಗಳು ಇಬ್ಭಾಗವಾಗಿ ಸರಿದು ದಾರಿ ಕೊಡುತ್ತವೆ. ಗಡ್ಡೆ ಹುರಿಯನ್ನು ತಿರುಚಿರುತ್ತದೆ, ಹಾಗಾಗಿ ನಡುಗೆರೆ ನಡುವಿನಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಎಡ ಬಲಗಳಲ್ಲಿ ನರಬೇರುಗಳು ಎಲ್ಲಿ ಒಳಸೇರುತ್ತವೆ ಎಂಬುದನ್ನು ಗುರುತಿಸಿ, ಅವೆರಡರ ನಡುವನ್ನು ಅಳೆದು, ಸಣ್ಣ ರಕ್ತನಾಳಗಳು ಎಲ್ಲಿ ಒಳಕ್ಕೆ ಮುಳುಗುತ್ತವೆ ಎಂದು ನೋಡಿ ಗೆರೆಯನ್ನು ಹುಡುಕುತ್ತೇವೆ. ಈ ಹುಡುಕಾಟಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ.

1911ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಎಲ್ಸ್‌ಬರ್ಗ್ ಮತ್ತು ಎಡ್ವಿನ್ ಬಿಯರ್ ಇದಕ್ಕೆ ಬರೆದ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮೊದಲ ದಿನ ಹುರಿಯ ಮೇಲೆ ಸೀಳು ಮಾಡಿ ಗಾಯ ಮುಚ್ಚಿ ಬಿಡುವುದು. ಒಳಗಿನ ಒತ್ತಡ ಗಡ್ಡೆಯನ್ನು ತಾನಾಗಿ ಹೊರಕ್ಕೆ ದೂಡುತ್ತದೆ. ಸುಮಾರು ಒಂದು ವಾರದ ನಂತರ ಮತ್ತೆ ತೆರೆದು ಹೊರಬಂದ ಗಡ್ಡೆಯನ್ನು ಬಿಡಿಸಿಕೊಳ್ಳುವುದು. ಮೈಕ್ರೋಸ್ಕೋಪ್ ಇಲ್ಲ, ವಿದ್ಯುತ್ತಿನಿಂದ ರಕ್ತಸ್ರಾವ ನಿಲ್ಲಿಸುವ ಬೈಪೋಲಾರ್ ಚಿಮುಟ ಇಲ್ಲ, ಗಡ್ಡೆಯನ್ನು ಶಬ್ದತರಂಗದಿಂದ ಒಡೆದು ಹೀರುವ ಯಂತ್ರವಿಲ್ಲ, ಇದ್ದದ್ದು ತಾಳ್ಮೆ.

ಇವತ್ತು ನಮ್ಮ ಬಳಿ ಅವೆಲ್ಲ ಇವೆ, ಜೊತೆಗೆ ಹುರಿಯ ಮಾತು ಕೇಳಿಸಿಕೊಳ್ಳುವ ಉಪಾಯವೂ ಇದೆ. ರೋಗಿ ಅರಿವಳಿಕೆಯಲ್ಲಿರುವಾಗಲೇ ತಲೆಯ ಮೇಲಿನಿಂದ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಕೈಕಾಲಿನ ಸ್ನಾಯುಗಳಲ್ಲಿ ಉತ್ತರ ಬರುತ್ತದೆಯೇ ಎಂದು ನೋಡುತ್ತೇವೆ. ಹುರಿಯ ಮೇಲೆಯೇ ತಂತಿಯಿಟ್ಟು ಚಲನೆಯ ದಾರಿಯಲ್ಲಿ ಇಳಿಯುವ ಅಲೆಯನ್ನು ಅಳೆಯುತ್ತೇವೆ. ಅದಕ್ಕೆ ಡಿ ಅಲೆ ಎನ್ನುತ್ತಾರೆ. ಸ್ನಾಯುವಿನ ಉತ್ತರ ಮಾಯವಾದರೂ ಡಿ ಅಲೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ, ಎದ್ದಾಗ ಕಾಲು ಸೋತಿದ್ದರೂ ಅದು ಸಾಮಾನ್ಯವಾಗಿ ವಾರಗಳಲ್ಲಿ ಮರಳುತ್ತದೆ. ಡಿ ಅಲೆ ಅರ್ಧಕ್ಕಿಂತ ಕೆಳಗೆ ಕುಸಿಯತೊಡಗಿದರೆ ಕೈ ನಿಲ್ಲಿಸಬೇಕು. ಬೆಚ್ಚಗಿನ ಸಲೈನ್ ಹಾಕಿ, ರಕ್ತದೊತ್ತಡ ಏರಿಸಿ, ಕಾಯಬೇಕು. ಮರಳದಿದ್ದರೆ ಗಡ್ಡೆ ಉಳಿದರೂ ಸರಿ, ಮುಚ್ಚಬೇಕು.

ಈ ಕೊನೆಯ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ವೃತ್ತಿಯ ಆರಂಭದ ವರ್ಷಗಳಲ್ಲಿ ಯುವಕನೊಬ್ಬನ ಆಸ್ಟ್ರೋಸೈಟೋಮವನ್ನು ತೆಗೆಯುತ್ತಿದ್ದೆ. ಎಪೆಂಡಿಮೋಮಕ್ಕೂ ಹುರಿಗೂ ನಡುವೆ ಹೆಚ್ಚಾಗಿ ಒಂದು ಅಂಚು ಸಿಗುತ್ತದೆ, ಆದ್ದರಿಂದ ಪೂರ್ತಿ ತೆಗೆಯಲು ಸಾಧ್ಯ. ಪೂರ್ತಿ ತೆಗೆದರೆ ಮರುಕಳಿಸುವ ಸಾಧ್ಯತೆಯೂ ಕಡಿಮೆ. ಆಸ್ಟ್ರೋಸೈಟೋಮ ಹಾಗಲ್ಲ, ಹಾಲಿಗೆ ನೀರು ಬೆರೆತಂತೆ ಹುರಿಯೊಳಗೆ ಬೆರೆತಿರುತ್ತದೆ. ಎಲ್ಲಿ ಗಡ್ಡೆ ಮುಗಿಯಿತು, ಎಲ್ಲಿ ಹುರಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಇನ್ನೊಂದಿಷ್ಟು ತೆಗೆಯಬಹುದು ಎಂದು ಮುಂದುವರಿದೆ. ಆ ಹುಡುಗ ಊರುಗೋಲು ಹಿಡಿದು ಬಂದಿದ್ದ, ಗಾಲಿಕುರ್ಚಿಯಲ್ಲಿ ಹೋದ. ನಾನು ತೆಗೆದ ಆ ಕೊನೆಯ ತುಣುಕು ಅವನ ಆಯುಸ್ಸಿಗೆ ಏನನ್ನೂ ಸೇರಿಸಲಿಲ್ಲ. ಅದು ನನ್ನ ತಪ್ಪು. ಅವನಿಗೂ ಅವನ ತಾಯಿಗೂ ಹಾಗೆಂದೇ ಹೇಳಿದೆ.

ಒಳಗಿನ ಗಡ್ಡೆಗಳ ಫಲಿತಾಂಶವನ್ನು ಅಳೆಯಲು 1990ರಲ್ಲಿ ಪಾಲ್ ಮೆಕಾರ್ಮಿಕ್ ಮತ್ತು ಸಂಗಡಿಗರು ಕೊಟ್ಟ ನಾಲ್ಕು ಮೆಟ್ಟಿಲುಗಳ ಅಳತೆಗೋಲನ್ನು ಇಂದಿಗೂ ಬಳಸುತ್ತೇವೆ. ಒಂದನೆಯ ಮೆಟ್ಟಿಲಲ್ಲಿ ನಡಿಗೆ ಸಹಜ. ನಾಲ್ಕನೆಯದರಲ್ಲಿ ರೋಗಿ ಪರರನ್ನು ಅವಲಂಬಿಸಿರುತ್ತಾರೆ. ಅದು ಕಲಿಸಿದ ಪಾಠ ನೇರವಾದದ್ದು: ಶಸ್ತ್ರಚಿಕಿತ್ಸೆಗೆ ಮೊದಲು ಯಾವ ಮೆಟ್ಟಿಲಲ್ಲಿದ್ದೀರೋ, ಬಹುತೇಕ ಆಮೇಲೂ ಅದೇ ಮೆಟ್ಟಿಲಲ್ಲಿ ಇರುತ್ತೀರಿ. ಹುರಿಯೊಳಗಿನ ಗಡ್ಡೆಯ ಶಸ್ತ್ರಚಿಕಿತ್ಸೆ ಇರುವುದನ್ನು ಕಾಯುತ್ತದೆ. ಕಳೆದುಕೊಂಡದ್ದನ್ನು ತಂದುಕೊಡುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಇನ್ನೊಂದು ಮಾತನ್ನು ಮೊದಲೇ ಹೇಳದಿದ್ದರೆ ಮನೆಯವರು ಕಂಗಾಲಾಗುತ್ತಾರೆ. ಹುರಿಯೊಳಗಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ಮರುದಿನ ಬಹುಮಂದಿ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ. ಹೊಲಿಗೆ ಕೆಲಸ ಮಾಡುತ್ತಿದ್ದ ಒಬ್ಬರ ಕುತ್ತಿಗೆಯ ಭಾಗದ ಎಪೆಂಡಿಮೋಮ ತೆಗೆದಿದ್ದೆವು. ಕೈಯಲ್ಲಿ ಬಲ ಚೆನ್ನಾಗಿತ್ತು, ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು. ಆದರೆ ಕೈ ಎಲ್ಲಿದೆ ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿಸಿದರೆ ಚಾಚಿದ ಬೆರಳುಗಳು ತಮ್ಮಷ್ಟಕ್ಕೆ ಮೇಲಕ್ಕೂ ಕೆಳಕ್ಕೂ ತೇಲಾಡುತ್ತಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಯಿತು, ಏಕೆಂದರೆ ನೋಡದೆ ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ. ಹಿಂಭಾಗದ ಕಂಬಗಳ ನಡುವೆ ಇಳಿದುದಕ್ಕೆ ತೆರುವ ಬೆಲೆ ಇದು. ಅವರಿಗೆ ಇದನ್ನು ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ, ಹಟ ಹಿಡಿದು ಅಭ್ಯಾಸ ಮಾಡಿದರು. ಏಳನೆಯ ತಿಂಗಳಲ್ಲಿ ಸೂಜಿಗೆ ದಾರ ಪೋಣಿಸಿದರು. ಬೆರಳ ತುದಿಯ ಮಂಕು ಮಾತ್ರ ಪೂರ್ತಿಯಾಗಿ ಹೋಗಲೇ ಇಲ್ಲ.

ಈಗ ಹೊದಿಕೆಯ ಹೊರಗಿನ ಗಡ್ಡೆಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು, ಮತ್ತು ಇವುಗಳಲ್ಲಿ ಬಹುಪಾಲು ಬೇರೆಡೆಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದವು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಮುಂಚೂಣಿಯಲ್ಲಿವೆ. ಇಲ್ಲಿ ನಾವು ಕ್ಯಾನ್ಸರನ್ನು ಗುಣಪಡಿಸಲು ಕತ್ತಿ ಹಿಡಿಯುವುದಿಲ್ಲ. ಉಳಿದ ಆಯುಸ್ಸನ್ನು ನೋವಿಲ್ಲದೆ, ಕಾಲ ಮೇಲೆ ನಿಂತು ಕಳೆಯಲಿ ಎಂಬುದೇ ಗುರಿ.

ಬಹಳ ಕಾಲ ಇದಕ್ಕೆ ಹಿಂದಿನಿಂದ ಮೂಳೆಯ ಕಮಾನನ್ನು ತೆಗೆದುಬಿಡುವುದೇ ಶಸ್ತ್ರಚಿಕಿತ್ಸೆಯಾಗಿತ್ತು. 1980ರಲ್ಲಿ ಪ್ರಕಟವಾದ ಒಂದು ಚಿಕ್ಕ ಹೋಲಿಕೆಯಲ್ಲಿ ಹಾಗೆ ಮಾಡಿ ವಿಕಿರಣ ಕೊಟ್ಟವರಿಗೂ ಬರೀ ವಿಕಿರಣ ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ಯೋಚಿಸಿದರೆ ಸ್ಪಷ್ಟ. ಗಡ್ಡೆ ಇರುವುದು ಹೆಚ್ಚಾಗಿ ಮುಂಭಾಗದಲ್ಲಿ, ಭಾರ ಹೊರುವ ಮೂಳೆಯ ದಿಮ್ಮಿಯಲ್ಲಿ. ನಾವು ಹಿಂಭಾಗದಲ್ಲಿ ಗಟ್ಟಿಯಾಗಿ ಉಳಿದಿದ್ದ ಕಮಾನನ್ನು ತೆಗೆದು ಬೆನ್ನನ್ನು ಇನ್ನಷ್ಟು ಸಡಿಲ ಮಾಡುತ್ತಿದ್ದೆವು. ಹಾಗಾಗಿ ಒಂದು ತಲೆಮಾರಿನ ವೈದ್ಯರು ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟರು.

2005ರಲ್ಲಿ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರ ಅಧ್ಯಯನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೇಲೆ ಇದು ತಿರುಗಿತು. 101 ರೋಗಿಗಳು. ಅರ್ಧದಷ್ಟು ಜನರಿಗೆ ಬರೀ ವಿಕಿರಣ. ಉಳಿದವರಿಗೆ ಗಡ್ಡೆ ಎಲ್ಲಿ ಒತ್ತುತ್ತಿದೆಯೋ ಅಲ್ಲೇ ಹೋಗಿ ಒತ್ತಡ ತೆಗೆದು, ಸಡಿಲವಾಗಿದ್ದರೆ ಬೆನ್ನನ್ನು ಭದ್ರಪಡಿಸಿ, ಆಮೇಲೆ ವಿಕಿರಣ. ಚಿಕಿತ್ಸೆಯ ನಂತರ ನಡೆಯಬಲ್ಲವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 84, ಬರೀ ವಿಕಿರಣದ ಗುಂಪಿನಲ್ಲಿ ಶೇ 57. ನಡಿಗೆ ಉಳಿದ ಮಧ್ಯಮ ಅವಧಿ ಒಂದರಲ್ಲಿ 122 ದಿನ, ಇನ್ನೊಂದರಲ್ಲಿ 13 ದಿನ. ಬರುವಾಗಲೇ ನಡೆಯಲಾಗದಿದ್ದವರಲ್ಲಿ ಶೇ 62 ಮಂದಿ ಶಸ್ತ್ರಚಿಕಿತ್ಸೆಯಿಂದ ಮತ್ತೆ ನಡೆದರು. ಬರೀ ವಿಕಿರಣದಿಂದ ನಡೆದವರು ಶೇ 19. ವ್ಯತ್ಯಾಸ ಎಷ್ಟು ಎದ್ದು ಕಾಣುತ್ತಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಸಭೆಯಲ್ಲಿ ಯಾರೋ ಈಗ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರಬಹುದು: 122 ದಿನ ಎಂದರೆ ನಾಲ್ಕು ತಿಂಗಳು, ಅಷ್ಟಕ್ಕಾಗಿ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆಯೇ? ಆ ನಾಲ್ಕು ತಿಂಗಳು ತಾವೇ ಎದ್ದು ಬಚ್ಚಲಿಗೆ ಹೋಗಿ ಬಂದವರನ್ನು ಕೇಳಿ. ನನಗೆ ಈ ಕೆಲಸದಲ್ಲಿ ಸಿಕ್ಕಿರುವ ಅತ್ಯಂತ ದೊಡ್ಡ ಕೃತಜ್ಞತೆ ಬಂದಿರುವುದು ಅಂಥವರಿಂದ, ಅವರು ಹೋದ ಮೇಲೆ ಅವರ ಮನೆಯವರಿಂದ.

ಹಾಗೆಂದು ಎಲ್ಲರಿಗೂ ಇದು ಸಲ್ಲದು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಕನಿಷ್ಠ ಮೂರು ತಿಂಗಳು ಬದುಕುವ ನಿರೀಕ್ಷೆ ಇದ್ದವರನ್ನು, ಹುರಿಯ ಒಂದೇ ಜಾಗದಲ್ಲಿ ಒತ್ತಡ ಇದ್ದವರನ್ನು, ಕಾಲು ಪೂರ್ತಿ ಬಿದ್ದು 48 ಗಂಟೆ ಮೀರದವರನ್ನು. ಲಿಂಫೋಮದಂಥ (ರೋಗನಿರೋಧಕ ಜೀವಕೋಶಗಳ ಕ್ಯಾನ್ಸರಿನ) ಗಡ್ಡೆಗಳು ವಿಕಿರಣಕ್ಕೂ ಔಷಧಕ್ಕೂ ಮಂಜಿನಂತೆ ಕರಗುತ್ತವೆ, ಅವಕ್ಕೆ ಸಾಮಾನ್ಯವಾಗಿ ಕತ್ತಿ ಬೇಡ. ಮೂತ್ರಪಿಂಡ ಮತ್ತು ಥೈರಾಯ್ಡ್‌ನಿಂದ ಬಂದ ಗಡ್ಡೆಗಳು ರಕ್ತದ ಕೊಳದಂತಿರುತ್ತವೆ. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತನಾಳದೊಳಗಿಂದ ಹೋಗಿ ಅವುಗಳ ಪೂರೈಕೆ ಕಟ್ಟಿಬಿಡುವುದು ಕ್ಷೇಮ. ಇತ್ತೀಚೆಗೆ ಬಹಳಷ್ಟು ಕಡೆ ಇಡೀ ಗಡ್ಡೆಯ ಬೆನ್ನು ಹತ್ತುವುದಿಲ್ಲ. ಹುರಿಗೂ ಗಡ್ಡೆಗೂ ನಡುವೆ ಕೆಲವೇ ಮಿಲಿಮೀಟರ್ ಅಂತರ ಮಾಡಿಕೊಟ್ಟು, ಉಳಿದದ್ದನ್ನು ನಿಖರವಾಗಿ ಗುರಿಯಿಟ್ಟ ವಿಕಿರಣಕ್ಕೆ ಬಿಡುತ್ತೇವೆ. ವಯಸ್ಸಾದ, ಬಳಲಿದ ದೇಹಗಳಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ.

ತೊಡಕುಗಳ ಬಗ್ಗೆ ಮಾತಾಡದೆ ಹೋದರೆ ನಾನು ಇಲ್ಲಿಗೆ ಬಂದದ್ದು ವ್ಯರ್ಥ. ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಏರುವುದು, ಗಂಟೆಗಟ್ಟಲೆ ಬೋರಲಾಗಿ ಮಲಗಿಸಿದ್ದರಿಂದ ಚರ್ಮಕ್ಕೂ ಅಪರೂಪಕ್ಕೆ ಕಣ್ಣಿಗೂ ಆಗುವ ಹಾನಿ, ಇವು ಯಾವುದೇ ದೊಡ್ಡ ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ಇರುವಂಥವು. ಮೊದಲೇ ವಿಕಿರಣ ಪಡೆದ ಚರ್ಮದ ಮೇಲೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಗಾಯ ಕೂಡಿಕೊಳ್ಳುವುದು ತಡ. ಇಷ್ಟನ್ನು ತಿಳಿದಿರಿ. ಎರಡು ತೊಡಕುಗಳ ಬಗ್ಗೆ ಮಾತ್ರ ತುಸು ನಿಂತು ಹೇಳುತ್ತೇನೆ.

ಮೊದಲನೆಯದು ದ್ರವ ಸೋರುವುದು. ಹುರಿಯ ಸುತ್ತ ತಿಳಿನೀರಿನಂಥ ದ್ರವ ಇದೆ. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪಾದಿಸುತ್ತಲೇ ಇರುತ್ತದೆ. ಡ್ಯೂರಾವನ್ನು ತೆರೆದ ಮೇಲೆ ಒಂದು ಹನಿಯೂ ಸೋರದಂತೆ ಹೊಲಿಯಬೇಕು, ಆದರೂ ಕೆಲವರಲ್ಲಿ ಸೋರುತ್ತದೆ. ಎದ್ದು ಕುಳಿತ ಕೂಡಲೇ ತಲೆ ಸಿಡಿಯುವುದು, ಮಲಗಿದರೆ ಕಡಿಮೆಯಾಗುವುದು ಅದರ ಗುರುತು. ಗಾಯದ ಬಟ್ಟೆ ತಿಳಿನೀರಿನಿಂದ ಒದ್ದೆಯಾದರೆ, ಹೊಲಿಗೆಯ ಕೆಳಗೆ ಮೆತ್ತನೆಯ ಉಬ್ಬು ಕಂಡರೆ, ಬೆವರು ಇರಬೇಕು ಎಂದು ಒರೆಸಿ ಸುಮ್ಮನಾಗಬೇಡಿ. ದ್ರವ ಹೊರಬರುವ ದಾರಿಯಲ್ಲೇ ರೋಗಾಣು ಒಳಹೋಗುತ್ತದೆ. ಜ್ವರ, ಕುತ್ತಿಗೆ ಬಿಗಿತ ಸೇರಿಕೊಂಡರೆ ಅದು ಮೆನಿಂಜೈಟಿಸ್, ಅಂದರೆ ಮೆದುಳು ಮತ್ತು ಹುರಿಯ ಹೊದಿಕೆಯ ಸೋಂಕು, ಆಗಿರಬಹುದು. ಬೇಗ ತಿಳಿದರೆ ಕೆಲವು ದಿನ ಮಲಗಿಸಿ, ಸೊಂಟದಲ್ಲಿ ಸಣ್ಣ ಕೊಳವೆ ಇಟ್ಟು, ಬೇಕಾದರೆ ಮತ್ತೆ ಹೊಲಿದು ಸರಿಪಡಿಸುತ್ತೇವೆ.

ಎರಡನೆಯದು ಒಳಗೆ ರಕ್ತ ಹೆಪ್ಪುಗಟ್ಟುವುದು. ಒಮ್ಮೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಮುಗಿದಿತ್ತು, ರೋಗಿ ಸಂಜೆ ಎರಡೂ ಕಾಲು ಎತ್ತಿ ತೋರಿಸಿದ್ದರು. ರಾತ್ರಿ ಪಾಳಿಯ ನರ್ಸ್ ಗಂಟೆಗೊಮ್ಮೆ ಬಂದು ‘ಹೆಬ್ಬೆರಳು ಆಡಿಸಿ’ ಎನ್ನುತ್ತಿದ್ದರು. ನಿದ್ದೆಗೆಟ್ಟ ರೋಗಿ ಬೈಯುತ್ತಲೇ ಆಡಿಸುತ್ತಿದ್ದರು. ಎರಡು ಗಂಟೆಗೆ ಬಂದಾಗ ಬಲಗಾಲಿನ ಹೆಬ್ಬೆರಳು ಆಡಲಿಲ್ಲ. ನಿದ್ದೆಯ ಮಂಪರು ಇರಬಹುದು ಎಂದು ಆ ನರ್ಸ್ ಬಿಟ್ಟುಬಿಡಲಿಲ್ಲ, ನನ್ನನ್ನು ಎಬ್ಬಿಸಿದರು. ಮೂರೂವರೆಗೆ ಮತ್ತೆ ಥಿಯೇಟರಿನಲ್ಲಿದ್ದೆವು, ಹುರಿಯ ಮೇಲೆ ಕಪ್ಪಗೆ ಗಟ್ಟಿಯಾಗಿದ್ದ ರಕ್ತವನ್ನು ತೊಳೆದು ತೆಗೆದೆವು. ಆ ವ್ಯಕ್ತಿ ಇಂದು ನಡೆಯುತ್ತಿರುವುದು ನನ್ನ ಕೈಚಳಕದಿಂದಲ್ಲ, ಗಂಟೆಗೊಮ್ಮೆ ಕೇಳಿದ ಆ ಪ್ರಶ್ನೆಯಿಂದ. ಹಾಗಾಗಿ ಮೊದಲ ರಾತ್ರಿ ನಿಮ್ಮವರನ್ನು ಪದೇ ಪದೇ ಎಬ್ಬಿಸುವ ನರ್ಸ್ ಮೇಲೆ ದಯವಿಟ್ಟು ಸಿಟ್ಟಾಗಬೇಡಿ.

ದೂರದ ತೊಡಕುಗಳೂ ಇವೆ. ಮಕ್ಕಳಲ್ಲಿ ಹಿಂಭಾಗದ ಕಮಾನುಗಳನ್ನು ತೆಗೆದರೆ ಬೆಳೆಯುತ್ತ ಬೆಳೆಯುತ್ತ ಬೆನ್ನು ಮುಂದಕ್ಕೆ ಬಾಗಬಹುದು. ಅದಕ್ಕಾಗಿ ಹಲವರು ಕಮಾನುಗಳನ್ನು ಒಂದು ಹಲಗೆಯಂತೆ ಬಿಡಿಸಿ, ಕೊನೆಯಲ್ಲಿ ಮತ್ತೆ ಕೂರಿಸುತ್ತಾರೆ. ಹಾಗೆ ಮಾಡಿದರೂ ಮಗುವಿನ ಬೆಳವಣಿಗೆ ಮುಗಿಯುವವರೆಗೆ ಎಕ್ಸ್‌ರೇ ತೆಗೆದು ನೋಡುತ್ತಿರಬೇಕು. ಗಡ್ಡೆ ಹೋಗಿ ಕಾಲು ಬಂದ ಮೇಲೂ ಕೆಲವರಿಗೆ ಉರಿಯುವ, ಕರೆಂಟ್ ಹೊಡೆದಂಥ ನೋವು ಉಳಿದುಬಿಡುತ್ತದೆ. ಅದು ಕಲ್ಪನೆಯಲ್ಲ, ಗಾಯಗೊಂಡ ನರತಂತುಗಳ ನೋವು. ಮಾಮೂಲಿ ನೋವಿನ ಮಾತ್ರೆಗೆ ಬಗ್ಗುವುದಿಲ್ಲ, ನರನೋವಿಗೆಂದೇ ಇರುವ ಔಷಧ ಬೇಕು. ನಿಧಾನಗತಿಯ ಗಡ್ಡೆಗಳು ವರ್ಷಗಳ ನಂತರವೂ ಮರುಕಳಿಸಬಹುದಾದ್ದರಿಂದ, ಆರಾಮಾಗಿದ್ದೇವೆ ಎಂದು ಎಂಆರ್‌ಐ ತಪ್ಪಿಸಬಾರದು.

ಮೂತ್ರ, ಮಲ, ದಾಂಪತ್ಯ. ಈ ಮೂರನ್ನು ರೋಗಿಗಳು ಕೇಳುವುದಿಲ್ಲ, ವೈದ್ಯರು ಹೇಳುವುದಿಲ್ಲ. ಕಾಲಿನ ಬಲ ಮರಳಿದವರಲ್ಲೂ ಮೂತ್ರದ ಹಿಡಿತ ಹಿಂದೆ ಉಳಿಯಬಹುದು. ಶಸ್ತ್ರಚಿಕಿತ್ಸೆಯ ಮೊದಲೇ ಹಿಡಿತ ಪೂರ್ತಿ ಹೋಗಿದ್ದರೆ ಮರಳುವ ಭರವಸೆ ಕಡಿಮೆ. ದಿನಕ್ಕೆ ನಾಲ್ಕೈದು ಸಲ ತಾವೇ ಸಣ್ಣ ಕೊಳವೆ ಹಾಕಿ ಮೂತ್ರಕೋಶ ಖಾಲಿ ಮಾಡಿಕೊಳ್ಳಲು ಕಲಿತವರು ಕೆಲಸಕ್ಕೆ ಹೋಗುತ್ತಾರೆ, ಪ್ರಯಾಣ ಮಾಡುತ್ತಾರೆ. ಕಲಿಯದೆ ನಾಚಿಕೊಂಡು ಕುಳಿತವರ ಮೂತ್ರಪಿಂಡಗಳು ಹಾಳಾದದ್ದನ್ನು ಕಂಡಿದ್ದೇನೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಇವನ್ನೆಲ್ಲ ಮಾತಾಡುವುದು ನನ್ನ ಕೆಲಸದ ಭಾಗ. ನಿಮ್ಮ ವೈದ್ಯರು ಮಾತೆತ್ತದಿದ್ದರೆ ನೀವೇ ಎತ್ತಿ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದರು. ಗಡ್ಡೆಯ ಸುಳಿವು ಕೊಡುವ ಲಕ್ಷಣಗಳ ಬಗ್ಗೆ ಒಬ್ಬರು ಕೇಳಿದರು. ಬೆನ್ನುನೋವು ಬರುವ ಸಾವಿರಾರು ಜನರಲ್ಲಿ ಗಡ್ಡೆ ಇರುವವರು ಅತಿ ವಿರಳ, ಎಲ್ಲರೂ ಸ್ಕ್ಯಾನ್‌ಗೆ ಓಡಬೇಕಿಲ್ಲ ಎಂದೆ. ಆದರೆ ಮಲಗಿದಾಗ ಹೆಚ್ಚಾಗಿ ರಾತ್ರಿ ಎಬ್ಬಿಸುವ ನೋವು, ಎದೆಯನ್ನೋ ಹೊಟ್ಟೆಯನ್ನೋ ಪಟ್ಟಿ ಬಿಗಿದಂತೆ ಸುತ್ತುವ ನೋವು, ಕತ್ತಲಲ್ಲಿ ತೂರಾಡುವ ನಡಿಗೆ, ಮೂತ್ರ ಹೊರಡಲು ತಡವಾಗುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಶುರುವಾದ ಬೆನ್ನುನೋವು, ಇವು ಬೇರೆಯೇ.

ಕೊನೆಯ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತಳು. ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂರು ವಾರದಿಂದ ಬೆನ್ನುನೋವು, ನಿನ್ನೆಯಿಂದ ಕಾಲು ಎಳೆಯುತ್ತಿದ್ದಾರೆ, ಸೋಮವಾರಕ್ಕೆ ವೈದ್ಯರ ಭೇಟಿ ಗೊತ್ತಾಗಿದೆ, ಅಲ್ಲಿಯವರೆಗೆ ಏನು ಕೊಡಬಹುದು ಎಂದು ಕೇಳಿದಳು. ಅಂದು ಶುಕ್ರವಾರ. ಎದ್ದು ನಿಲ್ಲಲು ಆಗುತ್ತದೆಯೇ ಎಂದು ಕೇಳಿದೆ. ಗೋಡೆ ಹಿಡಿದು ನಿಲ್ಲುತ್ತಾರೆ ಎಂದಳು. ಸೋಮವಾರದವರೆಗೆ ಕಾಯಬೇಡಮ್ಮ, ಈಗಲೇ ಹೊರಡು, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ ಕಾಲು ಸೋಲುತ್ತಿದೆ, ಕ್ಯಾನ್ಸರ್ ಇದೆ ಎಂಬ ಎರಡು ಮಾತನ್ನು ಮೊದಲು ಹೇಳು, ಇಡೀ ಬೆನ್ನಿನ ಎಂಆರ್‌ಐ ಈ ರಾತ್ರಿಯೇ ಆಗಬೇಕು ಎಂದೆ. ಅವಳು ಚೀಲ ಎತ್ತಿಕೊಂಡು ಬಾಗಿಲ ಕಡೆಗೆ ನಡೆದಳು. ಉಳಿದ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಿ ನಾನೂ ಅವಳ ಜೊತೆ ಹೊರಟೆ.